ಸುಟ್ಟ ಗೋಡೆಗೆ ಸುಣ್ಣ

ಬೇರೆ ಕಡೆ ಅನಾಹುತವಾದರೆ ಅದು ಅನಾಹುತವಾಗಿಯೇ ಉಳಿಯುತ್ತದಂತೆ. ನಮ್ಮ ಓಣಿಯಲ್ಲಿ ಹಾಗಲ್ಲ. ಇಲ್ಲಿ ಏನೇ ಕೆಟ್ಟದ್ದಾಗಲಿ, ಎಂಟು ದಿನದೊಳಗೆ ಅದು ನಗುವ ಮಾತಾಗಿ, ಚಹಾದಂಗಡಿ ದಾಟಿ, ಮಸ್ಕಿ ಬಸ್ ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಸಿಂಧನೂರಿಗೋ ಲಿಂಗಸುಗೂರಿಗೋ ಸಿಕ್ಕ ಬಸ್ಸು ಹತ್ತಿಬಿಡುತ್ತದೆ. ಬಸ್ ಸ್ಟ್ಯಾಂಡಿನ ಎದುರಿಗೇ ನನ್ನ ಗಡಿಯಾರ ರಿಪೇರಿ ಅಂಗಡಿ ಇರುವುದರಿಂದ, ನಮ್ಮ ಮನೆಯ ಸುದ್ದಿಯನ್ನೂ ನಾನು ಊರ ಮಂದಿಯ ಬಾಯಿಂದಲೇ ಕೇಳಿದ್ದುಂಟು. ಅವರು ಸೇರಿಸಿದ್ದನ್ನೆಲ್ಲ ತೆಗೆದು, ಆದದ್ದಷ್ಟನ್ನೇ ಇಲ್ಲಿ ಹೇಳುತ್ತೇನೆ. ತೆಗೆದರೂ ಏನೂ ಕಡಿಮೆಯಾಗುವುದಿಲ್ಲ.

ಮೊದಲು ಗೋಡೆಯ ವಿಷಯ ತಿಳಿದಿರಬೇಕು. ನನ್ನ ಹೆಂಡತಿ ಜೋಳದ ಗರಿಗರಿ ಕಟಕ ರೊಟ್ಟಿ ಬಡಿದು ಮಾರುತ್ತಾಳೆ. ಹಟ್ಟಿಯಲ್ಲಿ ಚಿನ್ನದ ಗಣಿಯ ಪಾಳಿ ಕೆಲಸದವರು ಉಣ್ಣುವ ಒಂದು ಖಾನಾವಳಿಗೆ ಅವಳದೇ ರೊಟ್ಟಿ ಹೋಗಬೇಕು. ನಮ್ಮ ಸಂಸಾರ ನಡೆಯುವುದು ನನ್ನ ಗಡಿಯಾರಗಳಿಂದಲ್ಲ, ಅವಳ ಹಂಚಿನಿಂದ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ಅವಳ ಅಡಿಗೆಮನೆಯ ಹಳೆಯ ಮಣ್ಣಿನ ಗೋಡೆಗೆ ಅಂಟಿಕೊಂಡೇ ಆ ಕಡೆ, ಓಣಿಯೆಲ್ಲ ಚಾಚಾ ಎಂದು ಕರೆಯುವ ಹಿರಿಯರ ಗಾದಿ ಅಂಗಡಿ. ಚಾಚಾ ಅರಳೆ ಹಿಂಜಿ ಗಾದಿ, ರಜಾಯಿ ಹೊಲಿಯುತ್ತಾರೆ. ಆ ಕಡೆ ಹಿಂಜುವ ಯಂತ್ರದ ಸದ್ದು, ಈ ಕಡೆ ರೊಟ್ಟಿ ಬಡಿಯುವ ಸದ್ದು. ಯಾವುದಾದರೂ ಒಂದು ನಿಂತರೆ ಇನ್ನೊಂದು ಕಡೆಯಿಂದ "ಯಾಕ, ಆರಾಮ ಇಲ್ಲೇನು?" ಎಂದು ಕೂಗು ಬರುತ್ತಿತ್ತು. ಆ ಗೋಡೆಗೆ ಕಿವಿ ಇದ್ದವೋ ಇಲ್ಲವೋ, ಬಾಯಿ ಮಾತ್ರ ಇತ್ತು.

೧. ಬಂದವರು ಹಾಗೇ ಹೋಗಬಾರದು

ಒಂದು ಮಧ್ಯಾಹ್ನ ಚಾಚಾ ಊಟಕ್ಕೆ ಹೋದಾಗ ಅಂಗಡಿಯ ಅರಳೆಗೆ ಬೆಂಕಿ ಹತ್ತಿತು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಇಡೀ ಓಣಿ ಕೊಡ, ಬಕೆಟ್ಟು ಹಿಡಿದು ಓಡಿ ಬಂತು. ನಲ್ಲಿಯ ನೀರು ಮುಗಿಯಿತು, ನಮ್ಮ ಹೌದಿನ ತೊಟ್ಟಿಯೂ ಬರಿದಾಯಿತು, ಕೊನೆಗೆ ಒಬ್ಬಾಕೆ ಮಜ್ಜಿಗೆಯ ಗಡಿಗೆಯನ್ನೇ ಸುರಿದಳು. ಬೆಂಕಿ ಆರಿಸುವ ಗಾಡಿ ಗಂಟೆ ಬಾರಿಸುತ್ತ ಬರುವ ಹೊತ್ತಿಗೆ ಉರಿ ಹೋಗಿ ಹೊಗೆ ಮಾತ್ರ ಉಳಿದಿತ್ತು.

ಗಾಡಿಯವರು ಇಳಿದರು. ನನ್ನ ಹೆಂಡತಿ ಅಂಥ ಹೊತ್ತಿನಲ್ಲೂ ಅವರಿಗೆಲ್ಲ ಚಹಾ ಕೊಟ್ಟಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು.

"ಏನ್ರೀ, ಪಾಪ ಅಷ್ಟು ದೂರದಿಂದ ಬಂದಾರ. ಹಂಗ ಹೋಗಂದ್ರ ಮನಸ್ಸಿಗೆ ಹೆಂಗ ಅನಸ್ತದ? ಸ್ವಲ್ಪಾದ್ರೂ ನೀರು ಹೊಡಿಯಾಕ ಹೇಳ್ರಿ."

ಹೇಳುವ ಅಗತ್ಯವೇ ಬೀಳಲಿಲ್ಲ. ಅರಳೆ ಒಳಗೊಳಗೇ ಬೆಂಕಿ ಇಟ್ಟುಕೊಂಡಿರುತ್ತದೆ, ಪೂರ್ತಿ ನೆನೆಯಲೇಬೇಕು ಎಂದು ಅವರೇ ಪೈಪು ಬಿಚ್ಚಿದರು. ಅರಳೆ ನೆನೆಯಿತು. ಅದರ ಜೊತೆಗೆ ನಮ್ಮ ಗೋಡೆಯೂ ನೆನೆಯಿತು. ಅಷ್ಟೊತ್ತು ಬೆಂಕಿಯ ಕಾವು ತಡೆದು ನಿಂತಿದ್ದ ಗೋಡೆ, ತಣ್ಣೀರು ಬಿದ್ದ ಕೂಡಲೇ ಎಮ್ಮೆ ಮಲಗುವ ಹಾಗೆ ನಿಧಾನಕ್ಕೆ ನಡುವೆ ಕುಸಿದು ಕೂತಿತು. ಅಡಿಗೆಮನೆಯ ತಗಡಿನ ಸೂರು ಒಂದು ಕಡೆ ಜೋತು ಬಿತ್ತು.

ಧೂಳು ಇಳಿಯಿತು. ಈ ಕಡೆ ಚಹಾದ ಕೆಟಲ್ ಹಿಡಿದ ನನ್ನ ಹೆಂಡತಿ, ಆ ಕಡೆ ತಲೆಯ ಮೇಲೆ ಕೈ ಹೊತ್ತ ಚಾಚಾ. ನಡುವೆ ಗೋಡೆಯಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ಒಂದು ಲೋಟ ತುಂಬಿ ಆ ಸಂದಿನಿಂದ ಕೈ ಚಾಚಿದಳು.

"ಚಾಚಾ, ಮೊದಲ ಚಹಾ ಕುಡೀರಿ."

ಇಷ್ಟು ವರ್ಷ ಓಣಿ ಸುತ್ತಿ ಹೋಗುತ್ತಿದ್ದ ಚಹಾ ಅವತ್ತು ಮೊದಲ ಸಲ ನೆಟ್ಟಗೆ ಹೋಯಿತು.

೨. ಎಲ್ಲಾ ಆರಾಮ

ಹಿಂದೊಮ್ಮೆ ಮನೆಯ ಮುಂಭಾಗದ ಕೋಣೆ ಕಟ್ಟಲು ಸಾಲ ಕೊಡುವಾಗ ಬ್ಯಾಂಕಿನವರು ಮನೆಗೆ ಒಂದು ವಿಮೆಯನ್ನೂ ಗಂಟುಹಾಕಿದ್ದರು. ನಾನು ಅದನ್ನು ಅವರು ಕೊಡುವ ಕ್ಯಾಲೆಂಡರಿನ ಜೊತೆಗೇ ಎಲ್ಲೋ ಇಟ್ಟು ಮರೆತಿದ್ದೆ. ನೆನಪು ಮಾಡಿದವಳು ಹೆಂಡತಿ. ಮನೆ ಅವಳ ಹೆಸರಿನಲ್ಲಿರುವುದರಿಂದ ಕಂಪನಿಗೆ ಫೋನು ಮಾಡಿ ಹೇಳಬೇಕಾದವಳೂ ಅವಳೇ.

ಫೋನು ಹತ್ತಿತು. "ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ" ಎಂದು ಮೊದಲು ಬಂತು. ಅವಳು ಗಾಬರಿಯಿಂದ ಫ್ಯಾನು ಬಂದ್ ಮಾಡಲು ನನಗೆ ಸನ್ನೆ ಮಾಡಿ, ಹಣೆಯ ಬೆವರು ಒರೆಸಿ, ಫೋಟೋಕ್ಕೆ ಕೂತವಳ ಹಾಗೆ ನೆಟ್ಟಗೆ ಕೂತಳು. ಆಮೇಲೆ ಬೆಂಗಳೂರಿನ ಕಡೆಯ ಒಬ್ಬ ಹುಡುಗಿಯ ದನಿ.

"ನಮಸ್ಕಾರ ಮೇಡಮ್, ಹೇಗಿದ್ದೀರಾ?"

"ಆರಾಮ ಅದೀವ್ರಿ. ನೀವು ಆರಾಮ ಅದೀರೆಲ್ಲ?"

"ಚೆನ್ನಾಗಿದ್ದೀನಿ ಮೇಡಮ್. ಮನೆಯಲ್ಲಿ ಎಲ್ಲರೂ ಸುರಕ್ಷಿತವಾಗಿದ್ದೀರಾ?"

"ಎಲ್ಲಾರೂ ಆರಾಮ ಅದಾರ್ರಿ. ದೇವರ ದಯಾ."

"ಏನಾದರೂ ತೊಂದರೆ ಆಗಿದೆಯಾ ಮೇಡಮ್?"

ನಮ್ಮ ಕಡೆ ಯಾರಾದರೂ ಹೇಗಿದ್ದೀರಿ ಎಂದು ಕೇಳಿದ ಕೂಡಲೇ ಕಷ್ಟ ಬಿಚ್ಚಿಡುವ ಪದ್ಧತಿ ಇಲ್ಲ. ಮನೆ ಬಿದ್ದಿರಲಿ, ಮಳೆ ಹೋಗಿರಲಿ, ಮೊದಲು ಆರಾಮ ಎನ್ನಬೇಕು. ಅವರು ಎರಡನೆಯ ಸಲ ಕೇಳಬೇಕು, ಮೂರನೆಯ ಸಲ ಒತ್ತಾಯ ಮಾಡಬೇಕು. ಆಮೇಲೆ ನಿಧಾನಕ್ಕೆ ವಿಷಯ ಹೊರಬರಬೇಕು. ಹೆಂಡತಿ ಅದೇ ಮರ್ಯಾದೆಯಲ್ಲಿ ನಡೆದಳು.

"ತೊಂದರಿ ಏನೈತ್ರಿ, ನಡದೈತಿ."

ನಾನು ಎದುರಿಗೆ ನಿಂತು ಕೈಯಿಂದ ಬೆಂಕಿ ತೋರಿಸಿದೆ, ಗೋಡೆ ತೋರಿಸಿದೆ, ಗೋಡೆ ಬಿದ್ದದ್ದನ್ನು ತೋರಿಸಲು ನಾನೇ ಬಾಗಿ ಕೂತೆ. ಅವಳು ಹುಬ್ಬು ಗಂಟಿಕ್ಕಿ ಫೋನಿಗೆ ಹೇಳಿದಳು. "ನಮ್ಮ ಯಜಮಾನ್ರೂ ಆರಾಮ ಅದಾರ್ರಿ. ಸ್ವಲ್ಪ ಕಸರತ್ತು ಮಾಡಾಕತ್ತಾರ."

"ತುಂಬಾ ಸಂತೋಷ ಮೇಡಮ್, ಧನ್ಯವಾದಗಳು" ಎಂದು ಹುಡುಗಿ ಫೋನಿಟ್ಟಳು. ಎರಡು ನಿಮಿಷಕ್ಕೆ ಮೊಬೈಲಿಗೆ ಸಂದೇಶ ಬಂತು. ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ನಾನು ತಲೆ ಚಚ್ಚಿಕೊಳ್ಳುತ್ತಿದ್ದರೆ ಅವಳು ಇದ್ದಷ್ಟೂ ನಕ್ಷತ್ರ ಒತ್ತಿಬಿಟ್ಟಳು.

"ಪಾಪ, ಹುಡುಗಿ ಎಷ್ಟ ಚಂದ ಮಾತಾಡ್ತು" ಎಂದಳು.

ಎರಡನೆಯ ಸಲ ಫೋನು ಮಾಡಿದಾಗ, ನನ್ನ ಕಾಟಕ್ಕೆ, ಆರಾಮ ಎನ್ನುವುದನ್ನು ಬಿಟ್ಟು ನೇರವಾಗಿ ವಿಷಯಕ್ಕೇ ಬಂದಳು. ಅದೇ ಹುಡುಗಿ ಸಿಕ್ಕಿದ್ದಳು. ಎಲ್ಲ ಬರೆದುಕೊಂಡ ಮೇಲೆ, "ಅಕ್ಕಾ, ಮತ್ತೆ ಈಗ ಅಡುಗೆ ಎಲ್ಲಿ ಮಾಡ್ಕೋತೀರಾ?" ಎಂದು ಕೇಳಿದಳು. ಈ ಪ್ರಶ್ನೆ ಕಂಪನಿಯವರು ಅವಳಿಗೆ ಕಲಿಸಿದ್ದಲ್ಲ. ನಕ್ಷತ್ರ ಕೊಟ್ಟದ್ದು ತಪ್ಪಾಗಿರಲಿಲ್ಲ.

೩. ದಪ್ಪ ರೊಟ್ಟಿ

ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು. ಗೋಡೆಯಿಲ್ಲದ ಅಡಿಗೆಮನೆಯಲ್ಲಿ ಗಾಳಿ ನುಗ್ಗಿ ಒಲೆಯ ಉರಿ ಹಂಚು ಬಿಟ್ಟು ನಮ್ಮ ಮೇಲೇ ಬರುತ್ತಿತ್ತು. ರೊಟ್ಟಿ ನಿಂತರೆ ಹಟ್ಟಿಯ ಗಿರಾಕಿ ಬೇರೆಯವರ ಪಾಲಾಗುವುದು ಖಂಡಿತ. ಹೆಂಡತಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಓಣಿಯ ಹೆಣ್ಣುಮಕ್ಕಳೇ ಬಂದು ಹಿಟ್ಟಿನ ಡಬ್ಬ ಹೊತ್ತುಕೊಂಡು ಹೋದರು. ಇವತ್ತು ಒಬ್ಬರ ಒಲೆ, ನಾಳೆ ಇನ್ನೊಬ್ಬರ ಒಲೆ. ತಮ್ಮದೇ ಅಂಗಡಿ ಸುಟ್ಟುಹೋಗಿದ್ದರೂ ಚಾಚಾನ ಹೆಂಡತಿ ಕೂಡ ನಾನೂ ಬಡೀತೀನಿ ಎಂದು ಕೂತರು. ಅವರದು ಧಾರಾಳದ ಕೈ. ರೊಟ್ಟಿಯೂ ಧಾರಾಳವಾಗಿ ದಪ್ಪಗಾಯಿತು.

ಹಟ್ಟಿಯಿಂದ ಖಾನಾವಳಿಯವನ ಫೋನು ಬಂತು. "ಯಕ್ಕಾ, ಏನಬೇ ಇದು? ಕೆಲವು ರೊಟ್ಟಿ ಎಂದಿನಂಗ ಅದಾವ, ಕೆಲವು ಕೈಗೆ ತಗೊಂಡ್ರ ಸಿಲೇಟಿನಂಗ ಅದಾವ."

ಚಾಚಿಯ ಹೆಸರು ಹೇಳಿ ಅವರನ್ನು ಸಣ್ಣದು ಮಾಡುವುದು ನನ್ನ ಹೆಂಡತಿಗೆ ಆಗದ ಮಾತು. ಒಂದು ಕ್ಷಣವೂ ತಡೆಯದೆ ಹೇಳಿದಳು. "ಅವು ಸ್ಪೆಷಲ್ ಅದಾವ. ಗಣಿಯಾಗ ಇಳಿಯೋರಿಗೆ ಹೊಟ್ಟಿ ಗಟ್ಟಿ ಇರಬೇಕಲ್ಲ? ಅದಕ್ಕ ಬ್ಯಾರೆ ಮಾಡಸೀನಿ. ದರ ಎಂದಿನದಾ ಕೊಡು."

ಮರುವಾರ ಅವನದೇ ಫೋನು. "ಯಕ್ಕಾ, ಮಂದಿ ಆ ಸ್ಪೆಷಲ್ಲಾ ಕೇಳಾಕತ್ತಾರ. ಸಣ್ಣವು ಬ್ಯಾಡ, ಎಲ್ಲಾ ದಪ್ಪವಾ ಕಳಸು."

ಚಾಚಿ ಅದನ್ನು ಕೇಳಿ ನಡೆಯುವ ರೀತಿಯನ್ನೇ ಬದಲಿಸಿದರು. ಆದರೆ ಎಲ್ಲರಿಗೂ ಅವರವರ ಸಂಸಾರವಿರುತ್ತದೆ. ಬೇರೆಯವರ ಒಲೆಯ ಮೇಲೆ ಎಷ್ಟು ದಿನ ಎಂದು ಹೆಂಡತಿ ಒಳಗೇ ಕುದಿಯುತ್ತಿದ್ದಳು. ಗೋಡೆ ಏಳಲೇಬೇಕಿತ್ತು.

೪. ಇದ್ದದ್ದು ಇದ್ದ ಹಾಗೆ

ವಿಮೆಯ ಕಚೇರಿ ಇರುವುದು ಸಿಂಧನೂರಿನಲ್ಲಿ. ಹಾನಿ ನೋಡಿ ವರದಿ ಕೊಡುವ ಸರ್ವೇಯರ್ ಇರುವುದು ಲಿಂಗಸುಗೂರಿನಲ್ಲಿ. ಬಿದ್ದ ಗೋಡೆ ನಡುವೆ ಮಸ್ಕಿಯಲ್ಲಿ. ನಾನು ಸಿಂಧನೂರಿಗೆ ಹೋಗಿ ಕೂತೆ. ಅಲ್ಲಿನ ಅಧಿಕಾರಿ ಕಟ್ಟುನಿಟ್ಟಿನ ಮನುಷ್ಯ. "ನಾಳಿ ಸರ್ವೇಯರ್ ಬರ್ತಾರ. ಎಲ್ಲಾ ಇದ್ದದ್ದು ಇದ್ದಂಗ ಇರಬೇಕು, ಒಂದು ಕಡ್ಡಿ ಸುದ್ದಾ ಅಲುಗಾಡಿಸಬ್ಯಾಡ್ರಿ" ಎಂದರು. ನಾನು ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿ ಅಕ್ಷರ ತಪ್ಪದೆ ಹೇಳಿದೆ. ಅವಳು "ಆತ್ರಿ" ಎಂದಳು.

ಗಡಿಯಾರದ ಸಾಮಾನು ಕೊಂಡು ಸಂಜೆ ಮನೆಗೆ ಬಂದರೆ ಓಣಿಯ ತುಂಬ ಸುಣ್ಣದ ವಾಸನೆ. ಕುಸಿಯದೆ ಉಳಿದಿದ್ದ ಗೋಡೆಗೆಲ್ಲ ಬೆಳ್ಳಗೆ ಸುಣ್ಣ. ನೆಲ ಸಾರಿಸಿ ರಂಗೋಲಿ. ಗೋಡೆ ಬಿದ್ದ ಜಾಗಕ್ಕೆ ಚಾಚಾ ಕೊಟ್ಟ ಕೆಂಪು ಹೂವಿನ ಚಾದರ ಕಟ್ಟಿತ್ತು. ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದರಿಂದ ಬೆಂಕಿಗೆ ಸಿಗದೆ ಉಳಿದಿದ್ದ ಅವರ ಒಂದೇ ಒಂದು ಹೊಸ ಗಾದಿ ಪಡಸಾಲೆಯಲ್ಲಿ ಹಾಸಿತ್ತು.

"ಇದ್ದದ್ದು ಇದ್ದಂಗ ಇಡು ಅಂದಿದ್ನೆಲ್ಲ!" ಎಂದು ಕೂಗಿದೆ.

"ಇಟ್ಟೀನಲ್ರಿ. ಸ್ವಲ್ಪ ಸ್ವಚ್ಛ ಮಾಡೀನಿ, ಅಷ್ಟ. ದೊಡ್ಡ ಮನುಷ್ಯಾರು ಮೊದಲ್ನೇ ಸಲ ಮನೀಗೆ ಬರ್ತಾರ. ಮಸಿಯಾಗ ಕುಂದರಸಲೇನು? ನಾಳಿ ಲಿಂಗಸುಗೂರಾಗ ನಮ್ಮ ಬಗ್ಗೆ ಏನ್ ಹೇಳ್ಯಾರು?"

ಸರ್ವೇಯರ್ ಬಂದರು. ತೆಳ್ಳಗಿನ ಆಳು, ನಗದ ಮುಖ. ಹೊರಗೇ ಬೂಟು ಬಿಟ್ಟು ಬಂದು ಗಾದಿಯ ಮೇಲೆ ಕೂತರು. ಊಟಕ್ಕೆ ಏಳಿ ಎಂದರೆ, "ಕೆಲಸ ಮುಗಿಯೋತನ ಯಾರ ಮನ್ಯಾಗೂ ಉಣ್ಣಂಗಿಲ್ರಿ. ನೀರು ಕೊಡ್ರಿ ಸಾಕು" ಎಂದರು. ಹೆಂಡತಿಗೆ ಒಳಗೊಳಗೇ ಬೇಜಾರು. ನನಗೋ ಆ ಮಾತಿಗೇ ಅವರ ಮೇಲೆ ಗೌರವ ಹುಟ್ಟಿತು. ನೀರು ಕುಡಿದು ಸುತ್ತ ನೋಡಿದರು.

"ಮನಿ ಚಂದ ಇಟ್ಟೀರಿ. ಈಗ ಸುಟ್ಟದ್ದು ತೋರಸ್ರಿ."

ನಾನು ಚಾದರ ಸರಿಸಿದೆ. ಆ ಕಡೆ ಸ್ನಾನ ಮಾಡಿ ಹೊಸ ಟೋಪಿ ಹಾಕಿಕೊಂಡ ಚಾಚಾ ನಾಟಕದ ಪರದೆ ಎದ್ದಂತೆ ಕಾಣಿಸಿಕೊಂಡು, "ಸಲಾಂ ಸಾಹೇಬ್ರ" ಎಂದರು.

"ಮಸಿ ಎಲ್ಲೈತ್ರಿ? ಸುಟ್ಟ ಕಟ್ಟಿಗಿ ಎಲ್ಲೈತಿ? ನಾ ಫೋಟೋ ಹೊಡೀಲಿ ಯಾತರದು, ರಂಗೋಲಿದೇನು?" ಸರ್ವೇಯರ್ ದನಿ ಏರಿತು.

ಹೆಂಡತಿ ಬಾಗಿಲಿಗೆ ಹೋಗಿ ಓಣಿಗೆ ಒಂದು ಕೂಗು ಹಾಕಿದಳು. ಅಷ್ಟೇ, ಮೆರವಣಿಗೆ ಶುರುವಾಯಿತು. ಇಸ್ತ್ರಿ ಅಂಗಡಿಯವನು ಇದ್ದಿಲು ಮಾಡಲು ಒಯ್ದಿದ್ದ ಸುಟ್ಟ ತೊಲೆಯನ್ನು ಹೆಗಲ ಮೇಲೆ ತಂದ. ಒಬ್ಬರು ಸೊಟ್ಟಗಾದ ತಗಡು, ಒಬ್ಬರು ಕರಿ ಹಿಡಿದ ಬಾಗಿಲು. ಗೋಡೆಯ ಮಸಿ ಕೆರೆದು ತಿಪ್ಪೆಗೆ ಹಾಕಿದ್ದನ್ನೂ ಬುಟ್ಟಿಯಲ್ಲಿ ತುಂಬಿ ತಂದರು. ಜೊತೆಗೆ, ಒಂದಿಷ್ಟು ನಮಗೆ ಉಪಕಾರವಾಗಲಿ ಎಂದು ತಮ್ಮ ತಮ್ಮ ಮನೆಯ ಸುಟ್ಟ ಪಾತ್ರೆಗಳನ್ನೂ ಸೇರಿಸಿ ತಂದರು. ಸರ್ವೇಯರ್ ಬರೆದುಕೊಳ್ಳಲು ಪೆನ್ನು ತೆಗೆಯುವಷ್ಟರಲ್ಲಿ ನನ್ನ ಹೆಂಡತಿ ಕೂತು ಒಂದೊಂದೇ ಆರಿಸಿ ಹೊರಗೆ ಹಾಕತೊಡಗಿದಳು. ಇದು ನಮ್ಮದಲ್ಲ, ಇದು ನಮ್ಮದು ಹೌದು ಆದರೆ ಮೊದಲೇ ತೂತು ಇತ್ತು, ಇದನ್ನು ಬರೆಯಬೇಡಿ.

"ಅಕ್ಕಾ, ಹೋದಲ್ಲೆಲ್ಲ ಮಂದಿ ಇಲ್ಲದ್ದು ಸೇರಸ್ತಾರ. ಇದ್ದದ್ದನ್ನ ತೊಳದು ಇಟ್ಟು, ಮ್ಯಾಲ ಕಡಿಮಿ ಮಾಡೋರ್ನ ಇವತ್ತಾ ನೋಡಿದ್ದು" ಎಂದರು ಸರ್ವೇಯರ್. ಅವರ ಮುಖ ಸ್ವಲ್ಪ ಸಡಿಲಾಯಿತು.

ಅಷ್ಟರಲ್ಲಿ ಚಹಾದಂಗಡಿಯಾಕೆ ಕರ್ರಗಾದ ದೊಡ್ಡ ಬೋಗಾಣಿ ಪಾತ್ರೆಯನ್ನು ಮುಂದೆ ತಳ್ಳಿದಳು. ಹೆಂಡತಿ ಅದನ್ನು ತಿರುಗಿಸಿ ನೋಡಿ ಅವಳಿಗೇ ವಾಪಸ್ ಕೊಟ್ಟಳು.

"ಯವ್ವಾ, ಇದು ನಿನ್ನ ಹಾಲಿಂದು. ಬೆಂಕಿಗೂ ಇದಕ್ಕೂ ಸಂಬಂಧ ಇಲ್ಲ. ನೀ ಧಾರಾವಾಹಿ ನೋಡ್ಕೋತ ಸುಟ್ಟದ್ದು."

೫. ತಪ್ಪು ನನ್ನದು

ಅದೇ ದಿನ, ಅದೇ ಜಾಗ. ಸರ್ವೇಯರ್ ಮುಂದಿನ ಪ್ರಶ್ನೆ ಕೇಳಿದರು. "ಬೆಂಕಿ ಹೆಂಗ ಹತ್ತಿತು? ಯಾರ ತಪ್ಪು?"

ಚಾಚಾ ಮುಂದೆ ಬಂದರು. "ಸಾಹೇಬ್ರ, ಅಂಗಡಿ ನಂದು, ಅರಳಿ ನಂದು. ತಪ್ಪೂ ನಂದಾ ಬರೀರಿ."

ಅವರ ಕಣ್ಣು ತುಂಬಿದ್ದವು. ಅಂಗಡಿಗೆ ವಿಮೆಯಿಲ್ಲ, ಯಂತ್ರ ಸುಟ್ಟಿದೆ, ಅದರ ಮೇಲೆ ತಪ್ಪನ್ನೂ ಹೊರಲು ಹೊರಟಿದ್ದರು. ಓಣಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಚಹಾದಂಗಡಿಯಾಕೆ, "ಇಲ್ರಿ, ನನ್ನ ಸ್ಟೋವಿನ ಕಿಡಿ ಹಾರಿರಬೇಕು" ಎಂದಳು. ಇಸ್ತ್ರಿಯವನು, "ಅಕಿ ಸ್ಟೋವ್ ಅವತ್ತು ಹಚ್ಚಿದ್ದಿಲ್ರಿ. ಅದು ನನ್ನ ಇದ್ದಿಲಿಂದು" ಎಂದ. ನನಗೆ ನಗು ಬರುವಷ್ಟರಲ್ಲಿ ನನ್ನ ಹೆಂಡತಿಯೇ ಎದ್ದು ನಿಂತಳು.

"ಗ್ವಾಡಿ ಈ ಕಡೀನಾ ನನ್ನ ಒಲಿ ಐತ್ರಿ. ನಂದಾ ಇರಬಹುದು."

ನಾನು ಅವಳಿಗೆ ಕೂಡಲು ಸನ್ನೆ ಮಾಡಿದೆ. ಸರ್ವೇಯರ್ ಪೆನ್ನಿನ ಮುಚ್ಚಳ ಹಾಕಿ, ಬ್ಯಾಗಿನಿಂದ ಒಂದು ಹಾಳೆ ತೆಗೆದರು. ಕರೆಂಟಿನ ಲೈನ್‌ಮನ್ ಮೊದಲೇ ನೋಡಿ ಬರೆದುಕೊಟ್ಟಿದ್ದ. ಮೀಟರಿನ ಹತ್ತಿರ ತಂತಿ ಸುಟ್ಟು ಕಿಡಿ ಬಿದ್ದಿತ್ತು, ಯಾರ ತಪ್ಪೂ ಅಲ್ಲ.

"ಕರೆಂಟಿಂದ ಹತ್ತಿದ್ದು ಅಂತ ಆಗಲೇ ಗೊತ್ತಾಗೈತಿ. ಈಗ ಎಲ್ಲಾರೂ ನಿಮ್ಮ ನಿಮ್ಮ ತಪ್ಪು ವಾಪಸ್ ತಗೊಂಡು ಮನೀಗೆ ನಡೀರಿ."

೬. ಗೋಡೆ ಯಾರದು

ತಪ್ಪು ಹೋಯಿತು, ಗೋಡೆ ಉಳಿಯಿತು. ಗೋಡೆ ನಮ್ಮದಾದರೆ ಮಾತ್ರ ಕಂಪನಿ ಕಟ್ಟಿಸಿಕೊಡುತ್ತದೆ. ಚಾಚಾನದಾದರೆ ಚಾಚಾನೇ ಕಟ್ಟಬೇಕು. ಇದನ್ನು ಸರ್ವೇಯರ್ ಬಿಡಿಸಿ ಹೇಳಿ, "ಯಾರದ್ರಿ ಗೋಡಿ?" ಎಂದರು.

"ನಂದು" ಎಂದರು ಚಾಚಾ, ಒಂದು ಕ್ಷಣ ಕೂಡ ಯೋಚಿಸದೆ.

"ನಮ್ಮದು" ಎಂದಳು ಹೆಂಡತಿ.

"ಬೇಟಿ, ನೀ ಸುಮ್ನಿರು. ನನ್ನ ಅಂಗಡ್ಯಾಗಿಂದ ಹೋದ ಬೆಂಕಿ. ಗ್ವಾಡಿ ನಾನಾ ಕಟ್ಟಸ್ತೀನಿ."

"ಯಾತರಿಂದ ಕಟ್ಟಸ್ತೀರಿ ಚಾಚಾ? ಬೂದಿಲಿಂದೇನು? ಗ್ವಾಡಿ ನಮ್ಮತ್ತಿ ಕಾಲದಾಗಿಂದ ನಮ್ಮದೈತಿ. ನಾ ದೀಪ ಇಡೋ ಮಾಡ ಅದರಾಗೈತಿ."

"ನನ್ನ ಕಡೀನೂ ಒಂದು ಮಾಡ ಐತಿ!"

"ಅದು ನಮ್ಮ ಗ್ವಾಡ್ಯಾಗ ನೀವು ಕೊರಕೊಂಡದ್ದು!"

ದನಿಗಳು ಏರಿದವು. ಹೊಸದಾಗಿ ಬಂದವರು ನೋಡಿದ್ದರೆ ಆಸ್ತಿಯ ಜಗಳ ಎಂದೇ ತಿಳಿಯುತ್ತಿದ್ದರು. ಆಸ್ತಿಯದಲ್ಲ, ಒಬ್ಬರ ಭಾರವನ್ನು ಇನ್ನೊಬ್ಬರು ಕಿತ್ತುಕೊಳ್ಳುವ ಜಗಳ. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಇಂಥವಳ ಗಂಡ ನಾನು, ಇಂಥವರ ನೆರೆ ನಮ್ಮದು ಎಂದು ಹೆಮ್ಮೆಯಾಯಿತು.

ಸರ್ವೇಯರ್ ಇಬ್ಬರನ್ನೂ ಬಿಟ್ಟು ಏಣಿ ಹತ್ತಿದರು. ನಮ್ಮ ಅಡಿಗೆಮನೆಯ ತೊಲೆಗಳು ಆ ಗೋಡೆಯ ಮೇಲೇ ಕೂತಿದ್ದವು. ಚಾಚಾನ ತಗಡಿನ ಶೆಡ್ಡು ತನ್ನದೇ ಕಬ್ಬಿಣದ ಕಂಬಗಳ ಮೇಲೆ ನಿಂತಿತ್ತು, ಗೋಡೆಗೆ ಬರೀ ಒರಗಿತ್ತು. ಇಳಿದು ಬಂದು ಕೈ ಝಾಡಿಸಿಕೊಂಡರು.

"ಚಾಚಾ, ಬೇಜಾರ ಮಾಡ್ಕೋಬ್ಯಾಡ್ರಿ. ಗೋಡಿ ಇವ್ರದು."

ಚಾಚಾ ಸೋತವರಂತೆ ಕೂತರು. "ಗ್ವಾಡಿ ಅವ್ರದಾದ್ರೂ ಬೆಂಕಿ ನಂದಾ" ಎಂದು ಗೊಣಗಿದರು.

"ಬೆಂಕಿ ನೀವಾ ಇಟ್ಕೊರ್ರಿ ಚಾಚಾ" ಎಂದಳು ಹೆಂಡತಿ, "ಗ್ವಾಡಿ ನಮಗ ಬಿಡ್ರಿ."

ಮರುದಿನದಿಂದ ನಮ್ಮ ಪಡಸಾಲೆಯಲ್ಲೇ ಚಾಚಾ ಕೈಯಿಂದ ಹಿಂಜಲು ಕೂತರು. ಅಷ್ಟು ದಿನ ಯಾವ ದೂರೂ ಇಲ್ಲದೆ ಮಲಗುತ್ತಿದ್ದ ಓಣಿಗೆಲ್ಲ ಒಮ್ಮೆಲೇ ಗಾದಿ ಗಂಟುಗಂಟಾಗಿ ಬೆನ್ನು ನೋಯತೊಡಗಿತು. ಎಲ್ಲರೂ ಗಾದಿ ಹೊತ್ತು ತಂದರು. ಸರ್ವೇಯರ್ ಕೂಡ ಅವತ್ತು ಹೋಗುವಾಗ ತಾವು ಕೂತಿದ್ದ ಗಾದಿಯನ್ನು ಒತ್ತಿ ನೋಡಿ, "ಈ ಕೇಸ್ ಮುಗೀಲಿ, ಆಮ್ಯಾಲ ನನಗೂ ಒಂದು" ಎಂದು ಹೋದರು.

೭. ಸುಣ್ಣದವರು

ಕಂಪನಿ ಮೊದಲ ಕಂತು ಕೊಟ್ಟಿತು. ಗೋಡೆ ಎದ್ದಿತು, ಸೂರು ಕೂತಿತು, ಒಲೆ ಹೂಡಿದ್ದಾಯಿತು. ಉಳಿದದ್ದು ಬರಬೇಕಾದರೆ ಸರ್ವೇಯರ್ ಇನ್ನೊಮ್ಮೆ ಬಂದು ಕಟ್ಟಿದ ಗೋಡೆ ನೋಡಿ ಫೋಟೋ ಒಯ್ಯಬೇಕು. ಅದು ಬರದಿದ್ದರೆ ಗೋಡೆ ಕಟ್ಟಿದ ಗೌಂಡಿಯ ಮುಂದೆ ನಾವು ತಲೆ ಎತ್ತುವ ಹಾಗಿರಲಿಲ್ಲ. ಈ ಸಲ ನಾನು ಹೆಂಡತಿಗೆ ಏನೂ ಹೇಳಲಿಲ್ಲ, ಹೇಳಿದರೆ ಏನಾಗುತ್ತದೆ ಎಂದು ನೋಡಿದ್ದೆನಲ್ಲ. ನಾಳೆ ಸಾಹೇಬರು ಬರುತ್ತಾರೆ ಎಂದಷ್ಟೇ ಹೇಳಿದೆ.

"ಈ ಸಲ ನೀವು ಚಿಂತಿ ಮಾಡಬ್ಯಾಡ್ರಿ" ಎಂದಳು.

ಆಗಲೇ ಚಿಂತೆ ಮಾಡಬೇಕಿತ್ತು.

ಸರ್ವೇಯರ್ ಲಿಂಗಸುಗೂರಿನ ಬಸ್ಸಿಳಿದು ನನ್ನ ಅಂಗಡಿಗೆ ಬಂದರು. ಇಬ್ಬರೂ ಮಾತಾಡುತ್ತ ಮನೆಗೆ ನಡೆದೆವು. ಬಾಗಿಲಲ್ಲಿ ಓಣಿಯೆಲ್ಲ ನಗುಮುಖದಿಂದ ನಿಂತಿತ್ತು, ಎಲ್ಲರ ಕೈಯೂ ಮೊಣಕೈವರೆಗೆ ಕಪ್ಪು. ಒಳಗೆ ಕಾಲಿಟ್ಟೆವು. ಹೊಸ ಗೋಡೆ ಮೇಲಿಂದ ಕೆಳಗಿನವರೆಗೆ ಕರ್ರಗೆ. ಹಂಚಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಒಂದು ಚೂರೂ ಬಿಡದೆ ಬಳಿದಿದ್ದರು. ಅದೇ ಸುಟ್ಟ ತೊಲೆ ಗೋಡೆಗೆ ಒರಗಿತ್ತು. ನೆಲದ ಮೇಲೆ ಒಪ್ಪವಾಗಿ ಬೂದಿ ಹರಡಿ, ಅದರ ಸುತ್ತ ಅಂಚಿಗೆ ರಂಗೋಲಿ ಎಳೆದಿದ್ದರು.

"ಮತ್ತ ಬೆಂಕಿ ಹತ್ತಿತೇನ್ರಿ?" ಸರ್ವೇಯರ್ ದನಿ ಗಾಬರಿಯಲ್ಲಿತ್ತು.

"ಇಲ್ರಿ ಸಾಹೇಬ್ರ" ಎಂದಳು ಹೆಂಡತಿ ಹೆಮ್ಮೆಯಿಂದ. "ಹೋದ ಸಲ ಬೆಳ್ಳಗ ಮಾಡಿದ್ದಕ್ಕ ನೀವು ಸಿಟ್ಟಾಗಿದ್ರಿ, ಮಸಿ ಎಲ್ಲೈತಿ ಅಂತ ಕೇಳಿದ್ರಿ. ಈ ಸಲ ನಿಮಗ ತ್ರಾಸ ಆಗಬಾರದಂತ ಮುಂಚಿತನಾ ಎಲ್ಲಾರೂ ಕೂಡಿ ಹಚ್ಚೀವಿ. ಒಳಗ ಗ್ವಾಡಿ ಹೊಸಾದೈತ್ರಿ, ಭಾಳ ಚಲೋ ಐತಿ."

"ತೊಲಿ ನಾನಾ ತಂದೀನ್ರಿ" ಎಂದ ಇಸ್ತ್ರಿಯವನು, ಮೆಚ್ಚುಗೆ ಕಾಯುತ್ತ.

ಸರ್ವೇಯರ್ ಗಾದಿಯ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗಾಡತೊಡಗಿದವು. ಉಳಿದ ಕಂತು ಹೋಯಿತು, ಮನುಷ್ಯ ಅಳುತ್ತಿದ್ದಾನೆ ಎಂದುಕೊಂಡೆ. ಕೈ ತೆಗೆದಾಗ ನೋಡಿದರೆ ಕಣ್ಣಲ್ಲಿ ನೀರು ಸುರಿಯುವಷ್ಟು ನಗು. ಆ ಮುಖಕ್ಕೆ ನಗು ಇಷ್ಟು ಒಪ್ಪುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

"ಅಕ್ಕಾ, ಸುಣ್ಣ ಐತೇನು?"

"ಐತ್ರಿ."

"ತರಸ್ರಿ. ಕೈಯಾಡಸೋರು ಎಲ್ಲಾರೂ ಬರ್ರಿ. ನನ್ನ ಬಸ್ ಹೋಗೋದ್ರಾಗ ಈ ಗೋಡಿ ಬೆಳ್ಳಗಾಗಬೇಕು."

ಮೊದಲು ಎಲ್ಲರೂ ಸೇರಿ ಸೋಡಾಪುಡಿ ಹಾಕಿ ತಿಕ್ಕಿದರು. ಆಮೇಲೆ ಸುಣ್ಣ. ಕೈ ಸಾಲದಾಯಿತು. ಸರ್ವೇಯರ್ ಅಂಗಿಯ ತೋಳು ಮಡಚಿ, ಚಾಚಾ ಕೊಟ್ಟ ಹಳೆಯ ಲುಂಗಿ ಉಟ್ಟು, ತಲೆಗೆ ವಸ್ತ್ರ ಸುತ್ತಿ ತಾವೇ ಏಣಿ ಹತ್ತಿದರು. ಕೆಳಗಿನಿಂದ ಚಾಚಾ ಬಕೆಟ್ಟು ಎತ್ತಿಕೊಡುತ್ತಿದ್ದರು. ಹೊತ್ತು ಇಳಿಯುವ ಮೊದಲೇ ಗೋಡೆ ಬೆಳ್ಳಗಾಯಿತು. ಅವರ ಮೊಬೈಲಿನಲ್ಲಿ, ಅವರು ಏಣಿಯ ಮೇಲಿಂದ ಹೇಳಿದ ಕಡೆಯಿಂದೆಲ್ಲ ನಾನೇ ಫೋಟೋ ತೆಗೆದೆ. ಕೈ ತೊಳೆದು ಬಂದ ಮೇಲೆ ಹೆಂಡತಿ ಹೊಸ ಒಲೆಯ ಮೊದಲ ರೊಟ್ಟಿ ತಾಟಿಗೆ ಹಾಕಿ ಎದುರಿಗೆ ನಿಂತಳು.

"ಈಗ ಕೆಲಸ ಮುಗೀತಲ್ರಿ?"

ಅವರು ಕೂತು ಉಂಡರು. ಚಾಚಿಯ ಕೈಯ ಸ್ಪೆಷಲ್ಲನ್ನೂ ಕೇಳಿ ಹಾಕಿಸಿಕೊಂಡರು.

ಕೊನೆಯ ಸಹಿಗೆ ನಾನೂ ಹೆಂಡತಿಯೂ ಸಿಂಧನೂರಿಗೆ ಹೋದೆವು. ಸರ್ವೇಯರ್ ಅಲ್ಲೇ ಪಕ್ಕದ ಕುರ್ಚಿಯಲ್ಲಿದ್ದರು, ಇಸ್ತ್ರಿ ಮಾಡಿದ ಅಂಗಿ, ಮತ್ತೆ ಅದೇ ನಗದ ಮುಖ. ಅಧಿಕಾರಿ ಕನ್ನಡಕ ಏರಿಸಿ ಒಂದೊಂದೇ ಫೋಟೋ ನೋಡಿದರು. ಗೋಡೆ ಆಗಿದೆ ಎಂದರು. ಸೂರೂ ಆಗಿದೆ ಎಂದರು. ಗೌಂಡಿಯ ರಸೀದಿ ಇದೆ ಎಂದರು. ಒಂದು ಫೋಟೋದ ಹತ್ತಿರ ಬೆರಳು ನಿಂತಿತು.

"ಇಲ್ಲಿ ಏಣಿ ಮ್ಯಾಲ ಒಬ್ಬಾಂವ ನಿಂತಾನಲ್ಲ, ಲುಂಗಿ ಉಟ್ಕೊಂಡು, ಮಾರಿ ತುಂಬ ಸುಣ್ಣ. ಈ ಕೂಲಿಯವನ ರಸೀದಿ ಹಚ್ಚಿಲ್ಲ ನೀವು. ಯಾರಿವ?"

ನಾನು ಸರ್ವೇಯರ್ ಕಡೆ ನೋಡಿದೆ. ಅವರು ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ಆದರೆ ಯಾರಾದರೂ ಒಳ್ಳೆಯ ಕೆಲಸ ಮಾಡಿದರೆ ಅದನ್ನು ಮುಚ್ಚಿಡುವುದು ನನ್ನ ಹೆಂಡತಿಗೆ ಗೊತ್ತಿಲ್ಲ.

"ಅವ್ರು ಕೂಲಿ ತಗೊಳ್ಳಲಿಲ್ರಿ, ರೊಟ್ಟಿ ಉಂಡು ಹೋದ್ರು. ಭಾಳ ಚಲೋ ಸುಣ್ಣ ಹಚ್ಚತಾರ" ಎಂದಳು. ಆಮೇಲೆ ಆ ಕಚೇರಿಯ ಬಣ್ಣ ಹೋದ ಗೋಡೆಯನ್ನು ಒಮ್ಮೆ ನೋಡಿ ಹೇಳಿದಳು. "ಬೇಕಂದ್ರ ನಿಮ್ಮ ಗ್ವಾಡಿಗೂ ಹಚ್ಚಿಸ್ಕೊರ್ರಿ. ಇಲ್ಲೇ ನಿಮ್ಮ ಬಾಜೂಕನಾ ಕುಂತಾರ."